ಅರ್ತಿಂಗ್ ಗುಂಡಿಗೆ ಒಂದು ಕೊಡ ನೀರು

ಮನೆಯಲ್ಲಿ ಫ್ಯಾನು ಇದ್ದಕ್ಕಿದ್ದಂತೆ ಜೋರಾಗಿ ತಿರುಗಿದರೆ ಇವತ್ತಿಗೂ ನಾನು ಕೈಯಲ್ಲಿರುವ ಕೆಲಸ ಬಿಟ್ಟು ಏಳುತ್ತೇನೆ. ಒಲೆಯ ಮೇಲೆ ಹಾಲಿರಲಿ, ಎದುರಿಗೆ ನೆಂಟರು ಕೂತಿರಲಿ, ಎದ್ದು ಹೋಗಿ ಟೀವಿ, ಫ್ರಿಜ್ಜು ಎಲ್ಲದರ ಸ್ವಿಚ್ಚು ಆರಿಸಿ ಬರುತ್ತೇನೆ. ಮನೆಯವರು ನಗುತ್ತಾರೆ. ಈಗ ಎಲ್ಲವೂ ತಾನಾಗಿಯೇ ಆಫ್ ಆಗುತ್ತದೆ, ನಿಮಗ್ಯಾಕೆ ಈ ಗಾಬರಿ ಅನ್ನುತ್ತಾರೆ. ನಕ್ಕರೆ ನಗಲಿ. ಈ ಗಾಬರಿಯನ್ನು ನಾನು ಕಲಿತದ್ದು ಮುಳಬಾಗಿಲಿನಲ್ಲಿ. ಅದರ ದಂಡ ತೆತ್ತವಳು ಮಾತ್ರ ನಾನಲ್ಲ.

ಎಂಬತ್ತರ ದಶಕದ ಕೊನೆಯ ವರ್ಷಗಳು. ನನಗೆ ಇಪ್ಪತ್ತನಾಲ್ಕು. ಬಿ.ಎಸ್ಸಿ. ಮುಗಿಸಿ, ಬೆಂಗಳೂರಿನ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಮೂರು ತಿಂಗಳ ಕಂಪ್ಯೂಟರ್ ಕೋರ್ಸು ಮಾಡಿ ಬಂದಿದ್ದೆ. ಕೋಲಾರದ ನಮ್ಮ ಬೀದಿಯಲ್ಲಿ ಅದನ್ನು ಕಲಿತವಳು ನಾನೊಬ್ಬಳೇ ಎಂಬ ಜಂಬ ಇತ್ತು; ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮುಳಬಾಗಿಲಿನಲ್ಲಿ ರೇಷ್ಮೆ ಬೆಳೆಗಾರರ ಸಣ್ಣದೊಂದು ಸಂಘ ಕಂಪ್ಯೂಟರ್ ತರಿಸಿ, ಅದನ್ನು ಮುಟ್ಟುವುದಕ್ಕೆ ಧೈರ್ಯ ಇರುವವರನ್ನು ಹುಡುಕುತ್ತಿತ್ತು. ನಾನು ಸೇರಿಕೊಂಡೆ. ಬೆಳಿಗ್ಗೆ ಕೋಲಾರದಿಂದ ಬಸ್ಸು, ಸಂಜೆ ವಾಪಸ್ಸು. ಯಾವ ಊರಿನ ಯಾರಿಗೆ ಎಷ್ಟು ಹಿಪ್ಪುನೇರಳೆ ತೋಟ ಇದೆ, ಯಾರಿಗೆ ಯಾವ ವಾರ ರೇಷ್ಮೆ ಮೊಟ್ಟೆ ಕೊಡಬೇಕು ಎಂಬ ಪಟ್ಟಿ ಮಾಡುವುದು ನನ್ನ ಕೆಲಸ. ಮೊಟ್ಟೆ ಕೈಗೆ ಬರುವ ಹೊತ್ತಿಗೆ ತೋಟದಲ್ಲಿ ಸೊಪ್ಪು ಹದಕ್ಕೆ ಬಂದಿರಬೇಕು. ಪಟ್ಟಿ ಹೆಚ್ಚುಕಮ್ಮಿಯಾದರೆ ಹುಳು ಉಪವಾಸ ಬೀಳುತ್ತದೆ, ಬೆಳೆಗಾರ ಬಂದು ಕಾರ್ಯದರ್ಶಿಯ ಮೇಜು ಗುದ್ದುತ್ತಾನೆ. ಹಾಗಾಗಿ ಕೆಲಸಕ್ಕೆ ಮರ್ಯಾದೆ ಇತ್ತು.

ಕಂಪ್ಯೂಟರಿಗೆಂದೇ ಹಿಂದಿನ ಒಂದು ಕೋಣೆಗೆ ಸುಣ್ಣ ಹೊಡೆಸಿ, ಕಿಟಕಿಗೆ ಪರದೆ ಕಟ್ಟಿದ್ದರು. ಚಪ್ಪಲಿ ಹೊರಗೆ ಬಿಟ್ಟು ಬರಬೇಕು. ಕಾರ್ಯದರ್ಶಿಗಳಿಗೆ ಬೂಟಿನ ಲಾಡಿ ಬಿಚ್ಚಿ ಕಟ್ಟುವುದು ದೊಡ್ಡ ತಾಪತ್ರಯ, ಆದ್ದರಿಂದ ಅವರು ಬಾಗಿಲಲ್ಲೇ ನಿಂತು ಮಾತಾಡಿ ಹೋಗುತ್ತಿದ್ದರು. ಒಳಗೆ ನಾನು, ಆ ಪೆಟ್ಟಿಗೆ, ಕರಕರ ಸದ್ದು ಮಾಡುವ ಪ್ರಿಂಟರು. ದಿನಕ್ಕೆರಡು ಸಲ ಬಂದು ನೆಲ ಒರೆಸಿ, ಮೇಜಿನ ಧೂಳು ತೆಗೆಯುವ ಆಯಮ್ಮ. ಅಷ್ಟೇ.

ಆಯಮ್ಮ ಎಂದರೆ ಆಫೀಸಿನ ಕಸ ಗುಡಿಸಿ, ನೀರು ಹೊತ್ತು, ಟೀ ತಂದುಕೊಡುತ್ತಿದ್ದ ಹೆಂಗಸು. ಐವತ್ತರ ಆಸುಪಾಸು. ತಾಯಲೂರಿನ ಕಡೆಯವಳು, ಗಂಡ ಇಲ್ಲ, ಮನೆಯಲ್ಲಿ ಆಡುವುದು ತೆಲುಗು, ಆಫೀಸಿನಲ್ಲಿ ತೆಲುಗು ಬೆರೆಸಿದ ಕನ್ನಡ. ನನ್ನ ಅಮ್ಮನ ವಯಸ್ಸಿನವಳು. ಆದರೂ ನಾನು ಅವಳನ್ನು ನೀನು ಎನ್ನುತ್ತಿದ್ದೆ, ಅವಳು ನನ್ನನ್ನು ನೀವು ಮೇಡಮ್ಮ ಎನ್ನುತ್ತಿದ್ದಳು. ಅದು ತಪ್ಪು ಎಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಒಂಬತ್ತು ವರ್ಷದಿಂದ ಅವಳು ದಿನಗೂಲಿಯ ಮೇಲೆ ದುಡಿಯುತ್ತಿದ್ದಳು. ಜೂನ್ ತಿಂಗಳ ಕಮಿಟಿ ಮೀಟಿಂಗಿನಲ್ಲಿ ಇಬ್ಬರನ್ನು ಖಾಯಂ ಮಾಡುವುದೆಂದು ಮಾತಾಗಿತ್ತು. ಒಂದು ನಾನು, ಒಂದು ಅವಳು. ಕಾರ್ಯದರ್ಶಿಗಳು ಟಿಪ್ಪಣಿ ಬರೆಸಿ ಇಟ್ಟಿದ್ದರು. ಅದನ್ನು ಟೈಪು ಹೊಡೆದವಳು ನಾನೇ. ವಾರಕ್ಕೊಂದು ಸಲವಾದರೂ ಆಯಮ್ಮ ಒರೆಸುವ ಬಟ್ಟೆ ಹಿಡಿದುಕೊಂಡು ನನ್ನ ಪಕ್ಕ ಬಂದು ನಿಂತು, ನನ್ನ ಹೆಸರು ಹಂಗೇ ಐತಾ ಮೇಡಮ್ಮ ಎಂದು ಕೇಳುತ್ತಿದ್ದಳು. ಒಂದು ದಿನ ರೇಗಿ, ಅವಳ ಹೆಸರಿದ್ದ ಸಾಲನ್ನು ಮಾತ್ರ ಪ್ರಿಂಟ್ ತೆಗೆದು ಕೊಟ್ಟೆ. ಓದಲು ಬಾರದಿದ್ದರೂ ಅದನ್ನು ನಾಲ್ಕು ಮಡಿಕೆ ಮಾಡಿ ಎಲೆಯಡಿಕೆ ಚೀಲದಲ್ಲಿ ಇಟ್ಟುಕೊಂಡಳು.

ಈಗ ಗುಂಡಿಯ ವಿಷಯ. ಕಂಪ್ಯೂಟರ್ ಕೂಡಿಸಲು ಬಂದಿದ್ದ ಇಂಜಿನಿಯರು ಮೊದಲು ಮಾಡಿಸಿದ ಕೆಲಸ ಅರ್ತಿಂಗ್ ಗುಂಡಿ. ಹಿತ್ತಲಿನಲ್ಲಿ ಆಳುದ್ದ ತೋಡಿಸಿ, ಇದ್ದಿಲು, ಉಪ್ಪು ತುಂಬಿಸಿ, ನಡುವೆ ಕಬ್ಬಿಣದ ಪೈಪು ನಿಲ್ಲಿಸಿ, ಮೇಲೆ ಇಟ್ಟಿಗೆಯ ಕಟ್ಟೆ ಕಟ್ಟಿಸಿದ. ಎಲ್ಲಾದರೂ ಕರೆಂಟು ಸೋರಿದರೆ ಇದರ ಮೂಲಕ ನೆಲಕ್ಕೆ ಇಳಿಯುತ್ತದೆ, ಮಣ್ಣು ಒಣಗಿದರೆ ಕೆಲಸ ಮಾಡುವುದಿಲ್ಲ, ಬೇಸಿಗೆಯಲ್ಲಿ ದಿನಾ ಒಂದು ಕೊಡ ನೀರು ಹುಯ್ಯಬೇಕು ಎಂದು ಹೇಳಿಹೋದ. ಆ ಕೆಲಸ ಆಯಮ್ಮನ ಪಾಲಿಗೆ ಬಂತು. ಅವಳು ಎರಡು ದಿನ ಸುಮ್ಮನೆ ನೀರು ಹುಯ್ದಳು. ಮೂರನೆಯ ದಿನ ನಾನು ಹಿತ್ತಲಿಗೆ ಹೋದಾಗ ಪೈಪಿಗೆ ಅರಿಶಿನ ಬಳಿದು ಕುಂಕುಮ ಇಟ್ಟಿದ್ದಳು, ಕಟ್ಟೆಯ ಮೇಲೆ ಒಂದು ಕಣಗಿಲೆ ಹೂ. ದಿನಾ ಬೆಳಿಗ್ಗೆ ನೀರು ಹುಯ್ಯುವ ಜಾಗವನ್ನು ಬೋಳಾಗಿ ಬಿಡುವುದು ಅವಳಿಂದಾಗಲಿಲ್ಲ. ಈಯಮ್ಮ ಎಂದೇ ಅದನ್ನು ಕರೆಯುತ್ತಿದ್ದಳು. ನಾನು ಚೆನ್ನಾಗಿ ನಕ್ಕೆ. ಆಫೀಸಿನಲ್ಲಿ ಎಲ್ಲರಿಗೂ ಹೇಳಿ ಅವರನ್ನೂ ನಗಿಸಿದೆ. ಆದರೆ ಮೊಟ್ಟೆಗೆಂದು ಬರುತ್ತಿದ್ದ ಬೆಳೆಗಾರರಲ್ಲಿ ಕೆಲವರು ಹಿತ್ತಲಿಗೆ ಹೋಗಿ ಕೈ ಮುಗಿದು ಬರಲು ಶುರುಮಾಡಿದರು.

ಆ ವರ್ಷ ಏಪ್ರಿಲ್ ಹೊತ್ತಿಗೆ ಮುಳಬಾಗಿಲಿನಲ್ಲಿ ನಲ್ಲಿಯ ನೀರು ಐದಾರು ದಿನಕ್ಕೊಂದು ಸಲ ಬರುತ್ತಿತ್ತು. ಆಯಮ್ಮ ದೂರದ ಬೋರಿನ ಹತ್ತಿರ ಸಾಲು ನಿಂತು ಎರಡು ಕೊಡ ತರುತ್ತಿದ್ದಳು. ಒಂದು ಆಫೀಸಿಗೆ ಕುಡಿಯಲು, ಒಂದು ಗುಂಡಿಗೆ. ಅದೇ ತಿಂಗಳು ಅವಳ ಮಗಳು ಹೆರಿಗೆಗೆ ಬಂದಿದ್ದಳು. ಚೊಚ್ಚಲು, ಹೆಣ್ಣು ಮಗು. ಒಂದು ಕೋಣೆಯ ಮನೆಯಲ್ಲಿ ಬಾಣಂತಿಗೆ ಎರೆಯಲು ನೀರಿಲ್ಲ. ಒಂದು ಬೆಳಿಗ್ಗೆ ಅವಳು ಗುಂಡಿಯ ಕೊಡವನ್ನು ಸೊಂಟದ ಮೇಲಿಟ್ಟುಕೊಂಡೇ ನನ್ನ ಕೋಣೆಯ ಬಾಗಿಲಿಗೆ ಬಂದು, ಇದನ್ನು ಮನೆಗೆ ಒಯ್ಯಲೇ ಎಂದು ಕೇಳಿದಳು. ಕಾರ್ಯದರ್ಶಿಗಳನ್ನು ಕೇಳಲು ಅವಳಿಗೆ ಹೆದರಿಕೆ. ಮಿಷನ್ನಿನ ವಿಷಯಕ್ಕೆ ನಾನೇ ದೊಡ್ಡವಳು ಎಂದು ಅವಳ ಲೆಕ್ಕ.

"ತಗೊಂಡ್ ಹೋಗು ಆಯಮ್ಮ. ಆ ಗುಂಡಿಯೇನು ಬಾಯಾರಿಕೆ ಅಂತ ಅಳುತ್ತಾ?" ಎಂದೆ.

ಅವಳು ನಗಲಿಲ್ಲ. ಹೋಗುವ ಮುಂಚೆ ಹಿತ್ತಲಿಗೆ ಹೋಗಿ, ಒಂದು ಬೊಗಸೆಯಷ್ಟು ನೀರನ್ನು ಪೈಪಿನ ಬುಡಕ್ಕೆ ಬಿಟ್ಟು, ಉಳಿದದ್ದನ್ನು ಹೊತ್ತು ಹೋದಳು. ಆಮೇಲೆ ದಿನವೂ ಅದೇ ಆಯಿತು.

ಬೇಸಿಗೆಯಲ್ಲಿ ನೀರಿನಂತೆ ಕರೆಂಟಿಗೂ ಬರವೇ. ಸುತ್ತಲ ಹಳ್ಳಿಗಳಲ್ಲಿ ಬೋರ್‌ವೆಲ್ ಪಂಪುಸೆಟ್ಟುಗಳು ಒಟ್ಟಿಗೆ ಓಡುವಾಗ ಊರಿನಲ್ಲಿ ಬಲ್ಬು ಕೆಂಪಗೆ ಮಿಣುಕುತ್ತಿತ್ತು. ಕಂಪನಿಯವರು ಕೊಟ್ಟಿದ್ದ ಸ್ಟೆಬಿಲೈಸರು ವೋಲ್ಟೇಜು ತೀರಾ ಇಳಿದರೆ ಟಕ್ಕೆಂದು ಆಫ್ ಆಗಿಬಿಡುತ್ತಿತ್ತು. ಅರ್ಧ ದಿನ ನಾನು ಕೈಕಟ್ಟಿ ಕೂರಬೇಕು. ನನಗೋ ಜೂನ್ ಒಳಗೆ ಪಟ್ಟಿ ಮುಗಿಸಿ ಶಹಭಾಸ್ ಅನ್ನಿಸಿಕೊಳ್ಳುವ ಆತುರ. ನಮ್ಮ ಮನೆಯ ಟೀವಿಗೆ ಇದ್ದ ಸ್ಟೆಪ್ ಅಪ್ ಪೆಟ್ಟಿಗೆಯನ್ನು ಒಂದು ದಿನ ಬ್ಯಾಗಿನಲ್ಲಿ ಹೊತ್ತು ತಂದೆ. ಆ ಕಾಲದಲ್ಲಿ ನಮ್ಮ ಸೀಮೆಯಲ್ಲಿ ಟೀವಿ ಇದ್ದ ಮನೆಯಲ್ಲೆಲ್ಲ ಅದಿತ್ತು. ಕರೀ ತಗಡಿನ ಪೆಟ್ಟಿಗೆ, ಮುಂದೆ ಒಂದು ಮುಳ್ಳು, ಒಂದು ತಿರುಗಿಸುವ ಗುಬಟಿ. ವೋಲ್ಟೇಜು ಇಳಿದಷ್ಟೂ ಗುಬಟಿಯನ್ನು ಮೇಲೆ ಮೇಲೆ ತಿರುಗಿಸುತ್ತಾ ಹೋಗಬೇಕು. ಪಂಪುಸೆಟ್ಟುಗಳ ಕರೆಂಟು ಕಡಿದ ಗಳಿಗೆಯಲ್ಲಿ ವೋಲ್ಟೇಜು ಒಂದೇ ನೆಗೆತ ನೆಗೆಯುತ್ತದೆ. ಆಗ ಓಡಿ ಹೋಗಿ ಗುಬಟಿಯನ್ನು ಕೆಳಗೆ ತಿರುಗಿಸಬೇಕು. ನಮ್ಮ ಮನೆಯಲ್ಲಿ ಫ್ಯಾನು ಜೋರಾದ ಕೂಡಲೇ ಅಪ್ಪ ಊಟದ ಎಂಜಲು ಕೈಯಲ್ಲೇ ಎದ್ದು ಓಡುತ್ತಿದ್ದರು. ಸ್ಟೆಬಿಲೈಸರಿನ ಹೊರತು ಬೇರೇನನ್ನೂ ಸಿಕ್ಕಿಸಬಾರದು ಎಂದು ಇಂಜಿನಿಯರು ಖಡಾಖಂಡಿತವಾಗಿ ಹೇಳಿದ್ದ. ನಾನು ಮೇಜಿನ ಕೆಳಗೆ ಪೆಟ್ಟಿಗೆ ಇಟ್ಟು, ಕಂಪ್ಯೂಟರಿನ ವೈರನ್ನು ಅದಕ್ಕೆ ಸಿಕ್ಕಿಸಿ, ಮೇಲೊಂದು ಟವೆಲು ಹೊದಿಸಿದೆ. ಕಾರ್ಯದರ್ಶಿಗಳಿಗೆ ಗೊತ್ತಿರಲಿಲ್ಲ. ಅದರ ಧೂಳು ಒರೆಸುತ್ತಿದ್ದ ಆಯಮ್ಮನಿಗೆ ಮಾತ್ರ ಗೊತ್ತಿತ್ತು. ಎರಡು ವಾರ ಚೆನ್ನಾಗಿಯೇ ನಡೆಯಿತು. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ.

ಆ ದಿನ ಬೆಳಿಗ್ಗೆ ಹನ್ನೊಂದಿರಬೇಕು. ಗುಬಟಿ ಕಡೆಯ ಮೆಟ್ಟಿಲಿನಲ್ಲಿತ್ತು. ಪ್ರಿಂಟರು ಪಟ್ಟಿ ಉಗುಳುತ್ತಿತ್ತು. ಶ್ರೀನಿವಾಸಪುರದಲ್ಲಿ ಮಾವಿನ ತೋಪಿರುವ ಒಬ್ಬ ಬೆಳೆಗಾರ ಆಫೀಸಿನವರಿಗೆಂದು ಒಂದು ಚೀಲ ಮಾವಿನಕಾಯಿ ತಂದು ಮುಂದಿನ ಹಜಾರದಲ್ಲಿ ಸುರಿದ. ಎಲ್ಲರೂ ಸುತ್ತ ಕೂತು ಆರಿಸತೊಡಗಿದರು. ಒಳ್ಳೆಯದನ್ನೆಲ್ಲ ಇವರೇ ಎತ್ತಿಕೊಂಡು ನನಗೆ ಮಚ್ಚೆ ಬಿದ್ದದ್ದನ್ನು ಬಿಡುತ್ತಾರೆ ಎಂದು ನಾನೂ ಎದ್ದು ಹೋದೆ. ಉಪ್ಪಿನಕಾಯಿಗೆ ಗಟ್ಟಿಯಾದದ್ದನ್ನು ಹಿಸುಕಿ ಹಿಸುಕಿ ಸೆರಗಿಗೆ ಹಾಕಿಕೊಳ್ಳುತ್ತಿದ್ದೆ. ತಲೆಯ ಮೇಲಿನ ಫ್ಯಾನು ಭರ್ರೆಂದು ತಿರುಗಿತು. ಅಬ್ಬಾ, ಗಾಳಿ ಬಂತು ಎಂದು ಯಾರೋ ಅಂಗಿಯ ಗುಂಡಿ ಬಿಚ್ಚಿದರು. ನಾನೂ ಮುಖವನ್ನು ಮೇಲೆತ್ತಿ ಆ ಗಾಳಿಗೆ ಒಡ್ಡಿದೆ. ಆಮೇಲೆ ಗುಬಟಿ ನೆನಪಾಯಿತು.

ಓಡಿದೆ. ಬಾಗಿಲು ತಲುಪುವಷ್ಟರಲ್ಲಿ ಒಳಗೆ ಪಟಾಕಿ ಸಿಡಿದ ಹಾಗೆ ಒಂದು ಸದ್ದು. ಪ್ರಿಂಟರು ಅರ್ಧ ಸಾಲಿನಲ್ಲಿ ನಿಂತಿತ್ತು. ತೆರೆ ಕಪ್ಪಾಗಿತ್ತು. ಸುಟ್ಟ ವಾಸನೆ. ಟವೆಲು ಎತ್ತಿ ನೋಡಿದರೆ ಸ್ಟೆಪ್ ಅಪ್ಪಿನ ಮುಳ್ಳು ಕೆಂಪು ಗೆರೆ ದಾಟಿ ಕೊನೆಗೆ ಅಂಟಿಕೊಂಡಿತ್ತು. ಗುಬಟಿಯನ್ನು ಸರಸರ ಕೆಳಗೆ ತಿರುಗಿಸಿದೆ. ಅಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿತ್ತು.

ಮೊದಲು ಬಾಗಿಲು ಹಾಕಿಕೊಂಡೆ. ಸ್ವಿಚ್ಚು ಆರಿಸಿ, ನೂರು ಎಣಿಸಿ, ಮತ್ತೆ ಹಾಕಿದೆ. ಕಂಪ್ಯೂಟರಿನ ಬೆನ್ನಿನ ಫ್ಯಾನು ಅಲುಗಲಿಲ್ಲ, ಹಸಿರು ದೀಪ ಹತ್ತಲಿಲ್ಲ, ಶುರುವಾಗುವಾಗ ಬರುವ ಬೀಪ್ ಶಬ್ದ ಬರಲಿಲ್ಲ. ಟೆಸ್ಟರು ಇಟ್ಟು ಗೋಡೆಯ ಪ್ಲಗ್ಗು ನೋಡಿದೆ, ಕರೆಂಟು ಇತ್ತು. ಪ್ರಿಂಟರಿನ ವೈರನ್ನು ಕಿತ್ತು ಕಂಪ್ಯೂಟರಿಗೆ ಹಾಕಿ ನೋಡಿದೆ. ಇಲ್ಲ. ಪ್ರಿಂಟರಿಗೆ ಬೇರೆ ಪ್ಲಗ್ಗು, ಅದು ಬದುಕಿತ್ತು. ಕಂಪ್ಯೂಟರಿನ ಬೆನ್ನಿಗೆ ಮೂಗಿಟ್ಟು ಮೂಸಿದೆ. ವಾಸನೆ ಅಲ್ಲಿಂದಲೇ ಬರುತ್ತಿತ್ತು. ಮುಚ್ಚಳದ ನಾಲ್ಕು ಸ್ಕ್ರೂ ಬಿಚ್ಚುವಷ್ಟು ಧೈರ್ಯ ಕೋರ್ಸಿನಲ್ಲಿ ಕಲಿಸಿರಲಿಲ್ಲ. ಕುರ್ಚಿಯ ಮೇಲೆ ಕೂತು ಗಣಪತಿಗೆ ಹೇಳಿಕೊಂಡೆ, ಇದೊಂದು ಸಲ ಶುರುವಾಗಲಿ, ಕುರುಡುಮಲೆಗೆ ನಡೆದುಕೊಂಡೇ ಬರುತ್ತೇನೆ ಎಂದು. ಮತ್ತೆ ಸ್ವಿಚ್ಚು ಹಾಕಿದೆ. ಏನೂ ಇಲ್ಲ.

ಆಗ ನಾನು ಮಾಡಿದ್ದನ್ನು ಹೇಳಲೇಬೇಕು. ಸ್ಟೆಪ್ ಅಪ್ ಬಿಚ್ಚಿ, ಕಂಪ್ಯೂಟರಿನ ವೈರನ್ನು ಕಂಪನಿಯ ಸ್ಟೆಬಿಲೈಸರಿಗೆ ಸಿಕ್ಕಿಸಿ, ಎಲ್ಲವನ್ನೂ ಮೊದಲಿದ್ದಂತೆ ಜೋಡಿಸಿದೆ. ಆಮೇಲೆ ಬಾಗಿಲು ತೆಗೆದು ಕಾರ್ಯದರ್ಶಿಗಳನ್ನು ಕರೆದೆ. ಹೈ ವೋಲ್ಟೇಜು ಬಂತು ಸಾರ್, ನಿಂತುಹೋಯಿತು ಎಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ನೋಡಿ. ಸಂಜೆ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಒಂದು ಚೀಲ ಇತ್ತು. ಮೇಲೆ ಮಾವಿನಕಾಯಿ, ಕೆಳಗೆ ಪೇಪರು ಸುತ್ತಿದ ಸ್ಟೆಪ್ ಅಪ್. ಆ ವರ್ಷದ ಉಪ್ಪಿನಕಾಯಿ ನನ್ನ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ತಿಂದೆ, ವರ್ಷಪೂರ್ತಿ ತಿಂದೆ.

ಮೂರನೆಯ ದಿನ ಬೆಂಗಳೂರಿನಿಂದ ಅದೇ ಇಂಜಿನಿಯರು ಸೂಟ್‌ಕೇಸ್ ಹಿಡಿದು ಬಂದ. ಮುಚ್ಚಳ ತೆಗೆದು, ಒಳಗಿನ ಪವರ್ ಸಪ್ಲೈ ಡಬ್ಬಿಯನ್ನು ಬಿಚ್ಚಿ ಬೆಳಕಿಗೆ ಹಿಡಿದ. ಗಾಜಿನ ಫ್ಯೂಸು ಕಾಡಿಗೆ ಮೆತ್ತಿದಂತೆ ಕಪ್ಪಾಗಿತ್ತು. ಪಕ್ಕದಲ್ಲಿ ಅಂಗಿಯ ಗುಂಡಿಯಷ್ಟು ಅಗಲದ ಒಂದು ನೀಲಿ ಬಿಲ್ಲೆ ಎರಡು ಹೋಳಾಗಿತ್ತು. ಹೈ ವೋಲ್ಟೇಜು ಬಂದರೆ ತಾನು ಸತ್ತು ಮಿಕ್ಕಿದ್ದನ್ನು ಉಳಿಸುವುದು ಅದರ ಕೆಲಸವಂತೆ. ಈ ಸಲ ಅದು ಸತ್ತಿದ್ದೂ ಸಾಲದಾಗಿತ್ತು. ಅವನು ತಂದಿದ್ದ ಹೊಸ ಡಬ್ಬಿ ಹಾಕಿದ. ಫ್ಯಾನು ಸುಯ್ಯೆಂದು ಒಂದು ಸುತ್ತು ತಿರುಗಿ ನಿಂತಿತು. ಒಳಗೆ ಎಲ್ಲೋ ಶಾರ್ಟ್ ಆಗಿದೆ ಎಂದ. ಕಾರ್ಡುಗಳನ್ನು ಒಂದೊಂದಾಗಿ ಕಿತ್ತು, ಪ್ರತಿ ಸಲ ಸ್ವಿಚ್ಚು ಹಾಕಿ ನೋಡುತ್ತಾ ಹೋದ. ಮೂರನೆಯದನ್ನು ಕಿತ್ತಾಗ ಬೀಪ್ ಎಂದಿತು. ತೆರೆಯ ಮೂಲೆಯಲ್ಲಿ ಬಿಳಿ ಗೆರೆ ಮಿಟುಕಿತು. ನನಗೆ ಅಳು ಬಂತು. ಆದರೆ ಆ ಮೂರನೆಯ ಕಾರ್ಡೂ ಅದಕ್ಕೆ ಕಟ್ಟಿದ್ದ ಹಾರ್ಡ್ ಡಿಸ್ಕೂ ಸುಟ್ಟಿದ್ದವು. ನಾಲ್ಕು ತಿಂಗಳು ಕೂತು ಹೊಡೆದ ಹೆಸರುಗಳು ಹೋದವು. ಫ್ಲಾಪಿಯಲ್ಲಿ ಇದ್ದದ್ದು ಮೊದಲ ತಿಂಗಳಿನದು ಮಾತ್ರ.

ಕಾರ್ಯದರ್ಶಿಗಳು ಅವತ್ತು ಬೂಟು ಬಿಚ್ಚಿ ಒಳಗೆ ಬಂದು ಕೂತಿದ್ದರು. ಇಂಜಿನಿಯರು ಸ್ಟೆಬಿಲೈಸರನ್ನು ಮುಂದಕ್ಕೆ ಎಳೆದು ಪರೀಕ್ಷೆ ಮಾಡಿದ. ಅದು ಸರಿಯಾಗಿತ್ತು, ಸರಿಯಾಗಿರಲೇಬೇಕು. ಇದು ಸರಿಯಿದ್ದು ಅದು ಸುಟ್ಟದ್ದು ಹೇಗೆ ಎಂದು ತಲೆ ಕೆರೆದುಕೊಂಡ. ಕಂಪ್ಯೂಟರನ್ನು ಬೇರೆ ಯಾವುದಕ್ಕಾದರೂ ಸಿಕ್ಕಿಸಿದ್ದಿರಾ ಎಂದು ನನ್ನನ್ನು ಕೇಳಿದ. ಇಲ್ಲ ಎಂದೆ. ಅದು ಮಾತ್ರ ಪೂರ್ತಿ ಸುಳ್ಳು. ಅವನು ಮೀಟರಿನ ಒಂದು ಕಡ್ಡಿಯನ್ನು ನ್ಯೂಟ್ರಲ್‌ಗೆ, ಇನ್ನೊಂದನ್ನು ಅರ್ತಿಂಗ್‌ಗೆ ಇಟ್ಟು ಹುಬ್ಬೇರಿಸಿದ. ಎದ್ದು ಹಿತ್ತಲಿಗೆ ನಡೆದ. ನಾವೂ ಹಿಂದೆ ಹೋದೆವು. ಕಟ್ಟೆಯೊಳಗಿನ ಮಣ್ಣು ಬಿರುಕು ಬಿಟ್ಟಿತ್ತು. ಪೈಪಿನ ಮೇಲೆ ಹೊಸ ಕುಂಕುಮ ಇತ್ತು.

"ಈ ಗುಂಡಿಗೆ ನೀರು ಬಿದ್ದು ಎಷ್ಟು ದಿನ ಆಯ್ತು?" ಎಂದ.

ಆಯಮ್ಮನನ್ನು ಕರೆಸಿದರು. ಅವಳು ಬಂದು, ಸೆರಗಿಗೆ ಕೈ ಒರೆಸಿಕೊಂಡು, ಕೇಳಿದ್ದಕ್ಕೆಲ್ಲ ಇದ್ದದ್ದು ಇದ್ದಂತೆ ಹೇಳಿದಳು. ಇಪ್ಪತ್ತು ದಿನದಿಂದ ನೀರು ಮನೆಗೆ ಒಯ್ಯುತ್ತಿದ್ದೇನೆ, ಬಾಣಂತಿ ಇದ್ದಾಳೆ, ಗುಂಡಿಗೆ ದಿನಾ ಒಂದು ಬೊಗಸೆ ಬಿಟ್ಟಿದ್ದೇನೆ ಎಂದಳು. ಬೊಗಸೆ ಎಂದದ್ದಕ್ಕೆ ಇಂಜಿನಿಯರಿಗೆ ನಗು ಬಂತು. ಕಾರ್ಯದರ್ಶಿಗಳಿಗೆ ಬರಲಿಲ್ಲ. ಅವರು ಕೆಟ್ಟವರಲ್ಲ. ಆದರೆ ತಾಲ್ಲೂಕಿನಲ್ಲೇ ಮೊದಲ ಕಂಪ್ಯೂಟರ್ ಎಂದು ಕಮಿಟಿಯವರ ಮುಂದೆ ಹೇಳಿಕೊಂಡು ತರಿಸಿದವರು ಅವರು. ಈಗ ಯಾರ ಕಡೆಗಾದರೂ ಬೆರಳು ತೋರಿಸಲೇಬೇಕಿತ್ತು.

"ತಗೊಂಡು ಹೋಗು ಅಂತ ಯಾರು ಹೇಳಿದ್ದು ನಿನಗೆ?"

ಆಯಮ್ಮ ನನ್ನ ಕಡೆ ನೋಡಿದಳು. ಒಂದೇ ಗಳಿಗೆ. ನಾನು ಪೈಪು ನೋಡುತ್ತಿದ್ದೆ.

"ಯಾರೂ ಇಲ್ಲ ಸಾರ್. ನಾನೇ ತಗೊಂಡೋದೆ."

ಅವಳು ಹಾಗೆ ಏಕೆ ಅಂದಳೋ ನನಗೆ ಗೊತ್ತಿಲ್ಲ. ನಾನೇ ಬಾಯಿ ಬಿಡಲಿ ಎಂದು ಕಾದಳೋ, ನನ್ನ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ ಎಂದುಕೊಂಡಳೋ. ನೀರಿನ ಮಾತು ಒಪ್ಪಿಕೊಂಡರೆ ಸ್ಟೆಪ್ ಅಪ್ಪಿನ ಮಾತೂ ಹೊರಗೆ ಬರುತ್ತದೆ, ಜೂನ್ ಮೀಟಿಂಗಿನಲ್ಲಿ ನನ್ನ ಹೆಸರೂ ಹೋಗುತ್ತದೆ ಎಂದು ಒಂದೇ ಸಮನೆ ತಲೆಯಲ್ಲಿ ಸುತ್ತುತ್ತಿತ್ತು. ಕಾರ್ಯದರ್ಶಿಗಳು ಅವಳಿಗೆ ನಾಳೆಯಿಂದ ಬರಬೇಡ ಎಂದರು. ಅವಳು ತಕ್ಷಣ ಹೋಗಲಿಲ್ಲ. ಮಧ್ಯಾಹ್ನದ ಟೀ ತಂದು ಎಲ್ಲರಿಗೂ ಕೊಟ್ಟು, ನನ್ನ ಮೇಜಿನ ಮೇಲೂ ಒಂದು ಲೋಟ ಇಟ್ಟು, ಲೋಟಗಳನ್ನು ತೊಳೆದು ಕವುಚಿ ಹೋದಳು. ಒಂಬತ್ತು ವರ್ಷದ ಕೆಲಸ ಹಾಗೆ ಮುಗಿಯಿತು. ಮರುದಿನ ಟಿಪ್ಪಣಿಯಿಂದ ಅವಳ ಹೆಸರು ತೆಗೆದು ಹೊಸದಾಗಿ ಟೈಪು ಮಾಡಲು ನನಗೇ ಹೇಳಿದರು. ಮಾಡಿದೆ.

ಇಂಜಿನಿಯರನ್ನು ಬಸ್ ಸ್ಟ್ಯಾಂಡಿನವರೆಗೆ ಬಿಡಲು ನಾನೇ ಹೋಗಿದ್ದೆ. ಅವನಿಗೆ ಸಮಾಧಾನ ಇರಲಿಲ್ಲ. ಗುಂಡಿ ಒಣಗಿದ್ದಕ್ಕೆ ಇಷ್ಟೆಲ್ಲ ಸುಡುವುದಿಲ್ಲ ಮೇಡಂ, ಮುನ್ನೂರಕ್ಕೂ ಮೇಲೆ ವೋಲ್ಟೇಜು ನೇರವಾಗಿ ನುಗ್ಗಿರಬೇಕು, ಆದರೆ ರಿಪೋರ್ಟಿನಲ್ಲಿ ಒಂದು ಕಾರಣ ಬರೆಯಲೇಬೇಕಲ್ಲ, ಕಂಡದ್ದನ್ನು ಬರೆದೆ ಎಂದ. ಬಸ್ಸು ಬಂತು, ಹತ್ತಿ ಹೋದ.

ಆಯಮ್ಮನ ಜಾಗಕ್ಕೆ ಒಬ್ಬ ಗಂಡಸು ಬಂದ. ಸೋಮಾರಿ; ಕುಡಿಯುವ ನೀರು ತರಿಸಲೂ ಅವನಿಗೆ ನಾಲ್ಕು ಸಲ ಹೇಳಬೇಕು. ಹೊಸ ಡಿಸ್ಕು ಬಂತು. ನಾನು ಹೋದ ಹೆಸರುಗಳನ್ನು ಮತ್ತೆ ಮೊದಲಿನಿಂದ ಹೊಡೆಯುತ್ತಿದ್ದೆ. ವೋಲ್ಟೇಜು ಇಳಿದರೆ ಸ್ಟೆಬಿಲೈಸರು ಆಫ್ ಆಗುತ್ತಿತ್ತು, ನಾನು ಸುಮ್ಮನೆ ಕೂರುತ್ತಿದ್ದೆ. ಯಾವ ಆತುರವೂ ಉಳಿದಿರಲಿಲ್ಲ. ಕಿಟಕಿಯ ಪರದೆ ಸರಿಸಿದರೆ ಗುಂಡಿ ಕಾಣುತ್ತಿತ್ತು. ಬೆಳಿಗ್ಗೆ ನಾನು ಬರುವ ಹೊತ್ತಿಗೆ ದಿನವೂ ಅದು ಒದ್ದೆಯಾಗಿರುತ್ತಿತ್ತು. ಪರವಾಗಿಲ್ಲ, ಇಷ್ಟಾದರೂ ಮಾಡುತ್ತಾನೆ ಎಂದುಕೊಂಡೆ. ಮೇ ತಿಂಗಳ ಕೊನೆಗೆ ಒಂದು ದಿನ ಮಾತಿಗೆ ಅವನನ್ನು ಹೊಗಳಿದರೆ ಅವನು ಕಣ್ಣು ಕಣ್ಣು ಬಿಟ್ಟ. ಗುಂಡಿಗೆ ನೀರು ಹುಯ್ಯಬೇಕು ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಮಾರನೆಯ ದಿನ ನಾನು ಕೋಲಾರದಿಂದ ಮೊದಲ ಬಸ್ಸು ಹಿಡಿದೆ. ಆಫೀಸಿನ ಬಾಗಿಲು ಇನ್ನೂ ತೆರೆದಿರಲಿಲ್ಲ. ಪಕ್ಕದ ಓಣಿಯಿಂದ ಹಿತ್ತಲಿಗೆ ಹೋದರೆ, ಮುರಿದ ಗೋಡೆಯ ಸಂದಿಯಿಂದ ಬಂದು ಆಯಮ್ಮ ಕಟ್ಟೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಳು. ಸೊರಗಿದ್ದಳು. ಹಿತ್ತಾಳೆಯ ಕೊಡವನ್ನು ಬಗ್ಗಿಸಿ ನಿಧಾನವಾಗಿ ಪೈಪಿನ ಸುತ್ತ ನೀರು ಬಿಡುತ್ತಿದ್ದಳು. ನನ್ನನ್ನು ಕಂಡು ಕಳ್ಳಿಯಂತೆ ಎದ್ದು ನಿಂತಳು.

"ಬಿಡ್ಡ ಹಾಲು ಕುಡೀತಿಲ್ಲ ಮೇಡಮ್ಮ," ಎಂದಳು. "ಹುಟ್ಟಿದಾಗಿನಿಂದ ಮೈ ಹತ್ತಲಿಲ್ಲ. ಈಯಮ್ಮನ ನೀರು ಕಿತ್ಕೊಂಡು ಬಾಣಂತಿಗೆ ಹುಯ್ದೆನಲ್ಲ, ಅದಕ್ಕೇ. ದಿನಾ ತಂದು ಹುಯ್ತೀನಿ, ಮಗೂನ ಬಿಟ್ಬಿಡಮ್ಮ ಅಂತ ಹೇಳ್ಕೊಂಡಿದ್ದೀನಿ."

ಮನೆಯಲ್ಲಿ ಆ ಹೊತ್ತಿಗೂ ನೀರಿರಲಿಲ್ಲ. ಬೋರಿನ ಹತ್ತಿರ ಸಾಲು ನಿಂತು ಸಿಕ್ಕಿದ ಕೊಡವನ್ನು ಅವಳು ಮೊದಲು ಇಲ್ಲಿಗೆ ತರುತ್ತಿದ್ದಳು, ಇಪ್ಪತ್ತೈದು ದಿನದಿಂದ. ಇನ್ನು ತಡೆಯಲಾಗಲಿಲ್ಲ. ಅವಳ ದುಃಖಕ್ಕೆ ಹೇಳಿದೆನೋ, ನನ್ನ ಎದೆಯ ಭಾರ ಇಳಿಸಿಕೊಳ್ಳಲು ಹೇಳಿದೆನೋ, ಅದನ್ನು ಈಗ ಕೆದಕಿ ಪ್ರಯೋಜನ ಇಲ್ಲ.

"ಆಯಮ್ಮ, ನಿನ್ನ ನೀರಿಗೂ ಅದು ಸುಟ್ಟಿದ್ದಕ್ಕೂ ಸಂಬಂಧ ಇಲ್ಲ. ನಾನು ಗುಬಟಿ ತಿರುಗಿಸದೇ ಮಾವಿನಕಾಯಿ ಆರಿಸೋಕೆ ಹೋಗಿದ್ದೆ. ಸುಟ್ಟಿದ್ದು ನಾನು."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆ ಕರೀ ಪೆಟ್ಟಿಗೆ ಕಾಣದೇ ಹೋದದ್ದನ್ನು ನಾನೂ ನೋಡಿದ್ದೆ, ಮನೆಗೆ ಬೇಕಾಗಿ ಒಯ್ದಿರಬೇಕು ಅಂದುಕೊಂಡೆ ಎಂದು ಮೆಲ್ಲಗೆ ಹೇಳಿದಳು. ಆಮೇಲೆ ಗುಂಡಿಯನ್ನು ನೋಡಿದಳು, ನನ್ನನ್ನು ನೋಡಿದಳು. ಅವಳ ಮುಖ ಒಂದಿಷ್ಟು ಬಿಚ್ಚಿಕೊಂಡಿತು. ನನಗೆ ಭಯವಾದದ್ದು ಆಗ.

"ಹಂಗಾದ್ರೆ ಸಾರ್ ತಾವ ಬಂದು ಹೇಳ್ತೀಯಾ ತಾಯಿ? ಮೀಟಿಂಗು ಇನ್ನೂ ಆಗಿಲ್ವಲ್ಲ."

ಅವಳು ನನ್ನನ್ನು ನೀನು ಎಂದದ್ದು ಅದೊಂದೇ ಸಲ. ಮೀಟಿಂಗಿಗೆ ಎಂಟು ದಿನ ಇತ್ತು. ಕಾರ್ಯದರ್ಶಿಗಳು ಹತ್ತಕ್ಕೆ ಬರುತ್ತಾರೆ, ಅಲ್ಲಿಯವರೆಗೆ ಇಲ್ಲೇ ಕೂತಿರು ಎಂದು ನಾನು ಹೇಳಬಹುದಿತ್ತು. ನನ್ನ ಕೋಲಾರದ ಬೀದಿ, ಅಪ್ಪನ ಮುಖ, ಮಗಳಿಗೆ ಖಾಯಂ ಕೆಲಸ ಎಂದು ಅವರು ಆಗಲೇ ನಾಲ್ಕು ಕಡೆ ಹೇಳಿಕೊಂಡದ್ದು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಕೈಗಡಿಯಾರ ನೋಡಿಕೊಂಡೆ.

"ನೋಡೋಣ," ಎಂದೆ.

ನಮ್ಮ ಕಡೆ ಆಫೀಸಿನಲ್ಲಿ ನೋಡೋಣ ಎಂದರೆ ಏನು ಎಂದು ಒಂಬತ್ತು ವರ್ಷ ಆಫೀಸು ಗುಡಿಸಿದವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳು ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ನಾನೂ ಒಂದೆರಡು ಮಾತಾಡಿ ಹಗುರಾಗುತ್ತಿದ್ದೆನೋ ಏನೋ. ಕೊಡದಲ್ಲಿ ಇನ್ನೂ ಅರ್ಧ ನೀರಿತ್ತು. ಅದನ್ನು ಗುಂಡಿಗ್ಯಾಕೆ ಎಂಬಂತೆ ಒಮ್ಮೆ ಒಳಗೆ ಇಣುಕಿ ನೋಡಿ, ಸೊಂಟಕ್ಕೆ ಏರಿಸಿಕೊಂಡು, ಗೋಡೆಯ ಸಂದಿಯಿಂದ ಹೊರಟುಹೋದಳು. ಆ ಮಗುವಿಗೆ ಏನಾಯಿತೋ ನಾನು ಯಾರನ್ನೂ ಕೇಳಲಿಲ್ಲ. ಕೇಳುವ ಧೈರ್ಯವಾಗಲಿಲ್ಲ.

ಜೂನ್ ಮೀಟಿಂಗಿನಲ್ಲಿ ನನ್ನದು ಖಾಯಂ ಆಯಿತು. ಆ ವರ್ಷ ಮಳೆ ತಡವಾಯಿತು, ಗುಂಡಿಗೆ ಯಾರೂ ನೀರು ಹುಯ್ಯಲಿಲ್ಲ. ಮೂರೇ ದಿನಕ್ಕೆ ಮಣ್ಣು ಒಣಗಿ ಮತ್ತೆ ಬಿರುಕು ಬಿಟ್ಟಿತು, ಪೈಪಿನ ಕುಂಕುಮ ಉದುರಿತು. ನಾನು ದಿನಾ ಬೆಳಿಗ್ಗೆ ಬಂದು, ಪರದೆ ಸರಿಸಿ ಅದನ್ನು ನೋಡಿ, ಸ್ವಿಚ್ಚು ಹಾಕುತ್ತಿದ್ದೆ. ಹಾಕಿದ ಕೂಡಲೇ ಕಂಪ್ಯೂಟರು ಶುರುವಾಗುತ್ತಿತ್ತು.